ವೋಲ್ಟೇಜ್ ಸರಿಯಾಗಿಯೇ ಇತ್ತು

ಮಂಗಳವಾರ, ಮಧ್ಯಾಹ್ನ

ನನ್ನ ಬುಗುರಿಗೆ,

ಚಿಕ್ಕಮ್ಮನ ಆಶೀರ್ವಾದಗಳು. ನಾನು ಕ್ಷೇಮ, ಮನೆ ಕ್ಷೇಮ, ನಿನ್ನ ಅಪ್ಪನ ಲಾರಿಗೆ ಮಾತ್ರ ಸ್ವಲ್ಪ ಕೆಮ್ಮು. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದವೇಕೆ ಬರೆದಳು ಎಂದು ಹುಬ್ಬೇರಿಸಬೇಡ. ವಿಷಯ ಫೋನಿನದೇ. ಅದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಮೊದಲು ಕೆಲಸದ ಮಾತು. ನಿನ್ನ ಫೋನಿನ ಸೆಟ್ಟಿಂಗ್ಸ್ ತೆರೆ. ಬ್ಯಾಟರಿ ಎಂದಿರುವಲ್ಲಿ ಒತ್ತು. ಕೆಳಗಿಳಿದರೆ ಚಾರ್ಜಿಂಗ್ ವೇಗದ ಸಾಲು ಸಿಗುತ್ತದೆ. ಅಲ್ಲಿ ಫಾಸ್ಟ್ ಚಾರ್ಜಿಂಗ್ ಆಫ್ ಆಗಿರುತ್ತದೆ. ಆನ್ ಮಾಡು. ಹೊಸ ಚಾರ್ಜರೂ ಬೇಡ, ಹೊಸ ಫೋನೂ ಬೇಡ.

ಆಫ್ ಮಾಡಿದವಳು ನಾನು.

ಬ್ಯಾಟರಿ ಬಾಳಿಕೆ ಬರಲಿ, ನಿಧಾನಕ್ಕೆ ಚಾರ್ಜ್ ಆದರೆ ಒಳ್ಳೆಯದಂತೆ ಎಂದು ಎಲ್ಲೋ ಓದಿದ್ದೆ, ಅದಕ್ಕೇ ಮಾಡಿದೆ ಎಂದು ಬರೆದು ಮುಗಿಸೋಣ ಎಂದುಕೊಂಡಿದ್ದೆ. ಓದಿದ್ದು ನಿಜ. ಆದರೆ ಓದಿದ್ದು ಆಮೇಲೆ. ಮೊದಲು ಆಫ್ ಮಾಡಿದೆ, ಆಮೇಲೆ ಕಾರಣ ಹುಡುಕಿದೆ. ಸಾಬೂನಿನ ಹೊದಿಕೆಗೆ ನಾಲ್ಕು ಸಾಲು ಪ್ರಾಸ ಹೊಸೆದು ಪ್ರೆಸ್ಸಿಗೆ ಕೊಡುವವಳಿಗೆ ಕಾರಣ ಹೊಸೆಯುವುದು ಕಷ್ಟವೇ? ಈ ಕಾಗದದಲ್ಲಿ ಪ್ರಾಸ ಬೇಡ. ಪ್ರಾಸ ಕೂಡಿಸಿದರೆ ತಪ್ಪು ಕೂಡ ಚೆನ್ನಾಗಿ ಕಂಡುಬಿಡುತ್ತದೆ.

ನಾನು ನಿನ್ನ ಅಪ್ಪನ ಹೆಂಡತಿಯಾಗಿ ಈ ಮನೆಗೆ ಬಂದಾಗ ನಿನಗೆ ಒಂಬತ್ತು ವರ್ಷ. ಕರೆದರೆ ನೀನು ಬರುತ್ತಿದ್ದೆ, ಬಡಿಸಿದರೆ ತಿನ್ನುತ್ತಿದ್ದೆ, ಕೇಳಿದ್ದಕ್ಕೆ ಒಂದೇ ಪದದ ಉತ್ತರ. ನಿನಗೆ ಬುಗುರಿ ಎಂದು ಅಪ್ಪ ಹೆಸರಿಟ್ಟದ್ದೇ ನೀನು ಕೂತಲ್ಲಿ ಕೂರದವಳೆಂದು. ಓದು ಮುಗಿಸಿ ಲ್ಯಾಬಿಗೆ ಸೇರಿ ಮನೆಮನೆಗೆ ಹೋಗಿ ರಕ್ತ ತೆಗೆಯತೊಡಗಿದ ಮೇಲೂ ಅಷ್ಟೇ. ಬೆಳಗಿನ ಸುತ್ತು ಮುಗಿಸಿ ಬಂದು, ಮುಖಕ್ಕೆ ನೀರು ಹಾಕಿಕೊಂಡು, ಎರಡು ತುತ್ತು ತಿಂದು, ಫೋನ್ ತುಂಬಿದ್ದೇ ಮತ್ತೆ ಸ್ಕೂಟರ್ ಹತ್ತುತ್ತಿದ್ದೆ.

ನಿನ್ನ ಚಾರ್ಜರಿನ ವೈರು ಗಿಡ್ಡ. ಪ್ಲಗ್ ಇರುವುದು ನನ್ನ ಮೇಜಿನ ಪಕ್ಕ. ಒಮ್ಮೆ ಕರೆಂಟು ಹೋಗಿ ಬಂದು ಮಾಡಿ, ನೀನು ಫೋನ್ ಹಿಡಿದು ಮೋಟು ಸ್ಟೂಲಿನ ಮೇಲೆ ಕೂತೇ ಇರಬೇಕಾಯಿತು. ಅವತ್ತು ನೀನಾಗಿಯೇ ಬಾಯಿಬಿಟ್ಟೆ. ಸೂಜಿ ಕಂಡರೆ ಹೆದರುವ ಪೈಲ್ವಾನನ ಕಥೆ ಹೇಳಿದೆ. ‘ಚಿಕ್ಕಮ್ಮ, ಆ ತೋಳಿನಲ್ಲಿ ನರ ಹುಡುಕೋಕೆ ನಕ್ಷೆ ಬೇಕು’ ಅಂದೆ. ನಾನು ನಕ್ಕ ಸದ್ದಿಗೆ ನಾನೇ ಬೆಚ್ಚಿದೆ.

ಮರುದಿನ ನೀನು ಸ್ನಾನಕ್ಕೆ ಹೋದಾಗ ಆಫ್ ಮಾಡಿದೆ. ನನ್ನದೂ ಅದೇ ಫೋನಲ್ಲವೇ, ಎಲ್ಲಿ ಏನಿದೆ ಗೊತ್ತಿತ್ತು.

‘ಯಾಕೆ ಇಷ್ಟು ನಿಧಾನ ಆಗ್ತಿದೆ?’ ಎಂದು ನೀನು ಕೇಳಿದಾಗ, ‘ಈ ಮನೇಲಿ ವೋಲ್ಟೇಜೇ ಕಮ್ಮಿ ಕಣೇ’ ಅಂದೆ. ಮುಖ ನೋಡದೆ ಅಂದೆ. ನೀನು ನಂಬಿದೆ. ಆರು ತಿಂಗಳು ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಊರ ಕಥೆಯೆಲ್ಲ ಹೇಳಿದೆ. ನಿನ್ನ ತೀರಿಹೋದ ಅಮ್ಮನ ಮಾತೂ ಬಂತು. ಹದಿಮೂರು ವರ್ಷದಲ್ಲಿ ಬಾರದ್ದು.

ಆಮೇಲೆ ಆ ದಿನ. ಸಕ್ಕರೆ ಪರೀಕ್ಷೆಗೆಂದು, ಊಟವಾದ ಸರಿಯಾಗಿ ಎರಡು ಗಂಟೆಯ ನಂತರ ರಕ್ತ ಕೊಡಬೇಕಿದ್ದ ಅಜ್ಜ ಕಾಯುತ್ತಿದ್ದರು. ನಿನ್ನ ಫೋನ್ ದಾರಿಯಲ್ಲಿ ಸತ್ತಿತು, ವಿಳಾಸ ಅದರೊಳಗೇ ಉಳಿಯಿತು. ನೀನು ಮನೆ ಹುಡುಕುವಷ್ಟರಲ್ಲಿ ಹೊತ್ತು ಮೀರಿತ್ತು. ಇನ್ನೊಂದು ಸಲ ಹೀಗಾದರೆ ಕೆಲಸಕ್ಕೆ ಬರಬೇಡ ಎಂದರು ನಿನ್ನ ಲ್ಯಾಬಿನ ಯಜಮಾನರು. ಮನೆಗೆ ಬಂದು ನನ್ನೆದುರು ಕೂತು, ‘ತಪ್ಪು ನಂದೇ ಚಿಕ್ಕಮ್ಮ, ಮಾತಾಡ್ತಾ ಚಾರ್ಜ್ ನೋಡ್ಲೇ ಇಲ್ಲ’ ಅಂದೆ. ನಾನು ನಿನ್ನ ತಲೆ ಸವರಿದೆ. ಸವರಿದ ಆ ಕೈಯನ್ನು ಇವತ್ತಿಗೂ ಎಲ್ಲಿಡಬೇಕೋ ತಿಳಿಯದು.

ಅವತ್ತು ರಾತ್ರಿಯೇ ಆನ್ ಮಾಡಬಹುದಿತ್ತು. ನಾಳೆ ಮಾಡೋಣ ಎಂದುಕೊಂಡೆ. ಅಷ್ಟರಲ್ಲಿ ನೀನು ಲ್ಯಾಬಿನ ಹತ್ತಿರ ಕೋಣೆ ಹಿಡಿದೆ. ‘ಅಲ್ಲಿ ಕರೆಂಟ್ ಚೆನ್ನಾಗಿದೆಯಂತೆ’ ಎಂದು ಸಂತೋಷದಿಂದ ಹೇಳಿದೆ. ನನ್ನ ಸುಳ್ಳೇ ನಿನ್ನ ಹಾಸಿಗೆ ಕಟ್ಟಿ, ಗಂಟುಮೂಟೆ ಹೊತ್ತು ನಿನ್ನನ್ನು ಬಾಗಿಲ ತನಕ ಬಿಟ್ಟು ಬಂತು. ನಾನು ಹಿಂದೆ ನಿಂತು ಕೈ ಬೀಸಿದೆ.

ಬೈಯುವುದಿದ್ದರೆ ಬೈದುಬಿಡು. ಮತ್ತೆ ಒಂದೇ ಪದದ ಉತ್ತರಕ್ಕೆ ಮಾತ್ರ ಇಳಿಯಬೇಡ.

ನಿನ್ನ
ಚಿಕ್ಕಮ್ಮ

ತಾ.ಕ.: ಇವತ್ತು ಮುಂದಿನ ವಾರದ ಗುರುವಾರ. ಮೇಲಿನ ಕಾಗದ ಇಷ್ಟು ದಿನ ಮೇಜಿನ ಖಾನೆಯಲ್ಲೇ ಇತ್ತು. ದಿನಾ ಮಧ್ಯಾಹ್ನ ನೀನು ಹೊಸ ಕೋಣೆಯ ಪ್ಲಗ್ಗಿನ ಪಕ್ಕ ಕೂತು, ‘ಇಲ್ಲೂ ವೋಲ್ಟೇಜ್ ಕಮ್ಮಿ ಚಿಕ್ಕಮ್ಮ’ ಎಂದು ಮಾತು ಶುರು ಮಾಡುತ್ತೀ. ನಾನು ‘ಹೌದಾ?’ ಅನ್ನುತ್ತೇನೆ. ನಿನ್ನೆ ನೀನು, ‘ಅರ್ಧಾನೂ ತುಂಬಿಲ್ಲ, ಆದ್ರೂ ಹೊರಡ್ತೀನಿ’ ಎಂದು ಫೋನಿಟ್ಟ ಮೇಲೆ ಖಾನೆಯಿಂದ ಕಾಗದ ಹೊರತೆಗೆದೆ. ನಿನ್ನ ಅಪ್ಪ ಲಾರಿ ಚಾಲು ಮಾಡಿಕೊಂಡು ಕಾಯುತ್ತಿದ್ದಾರೆ, ಅವರ ಕೈಗೇ ಕೊಡುತ್ತಿದ್ದೇನೆ. ಓದಿದ ಕೂಡಲೇ ಆನ್ ಮಾಡು. ಆಮೇಲೆ ಮನಸ್ಸು ಬಂದರೆ ಫೋನ್ ಮಾಡು. ಪ್ಲಗ್ಗಿನ ಪಕ್ಕದಿಂದಲೇ ಮಾಡಬೇಕೆಂದೇನಿಲ್ಲ.