ಎಂಟು ಪಾಯಿಂಟ್ ನಾಲ್ಕು

ಚನ್ನಗಿರಿ
ಮಂಗಳವಾರ, 8 ಜುಲೈ 2025

ಪ್ರೀತಿಯ ಪ್ರವೀಣಣ್ಣಾ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತಾ? ಟ್ರೇನಿಂಗ್‌ನಲ್ಲಿ ಕಾಲು ನೋವಿದ್ದರೆ ಬಾಯಿಬಿಟ್ಟು ಹೇಳು, ಹೀರೋ ಆಗಬೇಡ. (ನನ್ನ ಪಾಲಿಗೆ ನೀನು ಹೇಗೂ ಹೀರೋನೇ. ನಿನ್ನ ಯೂನಿಫಾರ್ಮ್ ಫೋಟೋನೇ ಇನ್ನೂ ನನ್ನ ಡಿಪಿ.) ಇವಳು ಕಾಗದ ಬರೆದಳಾ ಅಂತ ನಗುತ್ತೀಯ, ಗೊತ್ತು. ಏನು ಮಾಡಲಿ, ನಿನ್ನ ಕೈಗೆ ಫೋನ್ ಸಿಗುವುದು ಭಾನುವಾರ ಹತ್ತು ನಿಮಿಷ. ಆ ಹತ್ತು ನಿಮಿಷವೂ ಅಪ್ಪಾಜಿ ಸ್ಪೀಕರ್ ಹಾಕಿಕೊಂಡು ಕೂತಿರುತ್ತಾರೆ. ಇದು ಅವರ ಎದುರು ಹೇಳುವ ಮಾತಲ್ಲ.

ನಮ್ಮ ವಿನೋದನ ವಿಷಯ. ಕಳೆದ ತಿಂಗಳು ಅವನ ಸ್ಕೂಲಿನಲ್ಲಿ ಐದನೇ ಕ್ಲಾಸಿನವರಿಗೆ ಹೊರಗಿನ ಕಂಪನಿಯೊಂದು ಟೆಸ್ಟ್ ಮಾಡಿತು. ಎಲ್ಲ ಊರಿನ ಮಕ್ಕಳಿಗೂ ಒಂದೇ ಪೇಪರ್, ಉತ್ತರದ ಗುಂಡು ಕಪ್ಪು ಮಾಡುವಂಥದ್ದು. ರಿಸಲ್ಟ್ ಶೀಟ್‌ನಲ್ಲಿ ಗಣಿತದ ಮುಂದೆ 'ತರಗತಿ ಮಟ್ಟ 8.4' ಅಂತಿತ್ತು. ಅಪ್ಪಾಜಿ ಶೀಟ್ ನನ್ನ ಕೈಗಿಟ್ಟು, "ನೀನು ಮೊಬೈಲ್‌ನಾಗೆ ಎಲ್ಲಾ ಓದ್ತೀಯಲ್ಲ, ಇದರಾಗೆ ಏನೈತೆ ಹೇಳವ್ವಾ" ಅಂದರು. ನಾನೋ, ಯಾವುದೋ ಗ್ರೂಪಿನಲ್ಲಿ ಎರಡು ಮೆಸೇಜ್ ಓದಿ, ಎರಡೇ ನಿಮಿಷದಲ್ಲಿ ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿಬಿಟ್ಟೆ: ವಿನೋದ್ ಎಂಟನೇ ಕ್ಲಾಸಿನ ಲೆಕ್ಕ ಮಾಡ್ತಾನೆ!!! ಜಗಳೂರು ಮಾವ, ನ್ಯಾಮತಿ ಅತ್ತೆ, ಎಲ್ಲರದೂ ಚಪ್ಪಾಳೆ, ಪಟಾಕಿ. ನಾನು ಅವತ್ತು ನಲವತ್ತು ಸಲ ಫೋನ್ ತೆಗೆದು ನೋಡಿದೆ.

ಅಪ್ಪಾಜಿಯದು ನಿನಗೆ ಗೊತ್ತಲ್ಲ. ಅಡಿಕೆ ಮಂಡಿಯಲ್ಲಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಹಲ್ಲಲ್ಲಿ ಕಡಿದು ನೋಡಿದರೆ ಇಡೀ ಚೀಲದ ಜಾತಕ ಹೇಳುತ್ತಾರೆ. ಶೀಟನ್ನೂ ಹಾಗೇ ನೋಡಿದರು. "ಮಾಲು ಎಂಥದ್ದು ಅಂತ ಗೊತ್ತಾದ ಮ್ಯಾಲೆ ಮೂರು ವರ್ಷ ಯಾಕೆ ಇಟ್ಕಂಡು ಕೂರಬೇಕು?" ಮಾರನೇ ದಿನವೇ ಹೊನ್ನಾಳಿಗೆ ಹೋಗಿ ಒಂದು ವಸತಿ ಕೋಚಿಂಗ್‌ನಲ್ಲಿ ಮಾತಾಡಿ ಬಂದರು. ಅಲ್ಲಿಯ ಮೇಷ್ಟ್ರು ಎಂಟನೇ ಕ್ಲಾಸಿನ ಹುಡುಗರ ಜೊತೆಗೇ ಕೂರಿಸುತ್ತಾರಂತೆ. ಬರುವ ಸೋಮವಾರ ಬಿಡಬೇಕು. ಟ್ರಂಕ್ ಬಂದಿದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ 'ವಿನೋದ್ ಎಂ., 8ನೇ ತರಗತಿ' ಅಂತ ಬರೆಸಿದ್ದಾರೆ. ನಡುಮನೆಯಲ್ಲೇ ಇದೆ, ವಿನೋದ ಅದರಿಂದ ದೂರ ಸರಿದು ಗೋಡೆಗುಂಟ ಓಡಾಡುತ್ತಾನೆ.

ಅವನು ಈಗ ಅಂಗಳದ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆಯುವುದಿಲ್ಲ ಅಣ್ಣಾ. ಎಂಟನೇ ಕ್ಲಾಸಿನ ಪುಸ್ತಕ ತಂದುಕೊಟ್ಟ ದಿನ, "ಅಕ್ಕಾ, ಲೆಕ್ಕದಾಗೆ ಎಕ್ಸು, ವೈಯ್ಯಿ ಯಾಕ್ ಬಂದಾವೆ?" ಅಂತ ಒಂದೇ ಒಂದು ಸಲ ಕೇಳಿದ. ಅಪ್ಪಾಜಿ, "ನಿಂಗೆ ಬರ್ತೈತೆ, ಶೀಟ್‌ನಾಗೆ ಐತಲ್ಲ" ಅಂದರು. ಆಮೇಲೆ ಏನೂ ಕೇಳಿಲ್ಲ. ಪುಸ್ತಕದ ಕೊನೆಯಲ್ಲಿರುವ ಉತ್ತರಗಳನ್ನಷ್ಟೇ ಬಾಯಿಪಾಠ ಮಾಡುತ್ತಿದ್ದಾನೆ. ಪ್ರಶ್ನೆ ಬೇಡ, ಬರೀ ಉತ್ತರ. ತಟ್ಟೆ ಮುಂದೆ ಕೂತು, "ಒಂದು, ಹದಿನೆಂಟು. ಎರಡು, ಮೈನಸ್ ಏಳು. ಮೂರು, ಮೈನಸ್ ನಾಲ್ಕು" ಅಂತ ಗುನುಗುತ್ತಾನೆ, ತುತ್ತು ಕೈಯಲ್ಲೇ ಒಣಗುತ್ತದೆ. ನಿನ್ನೆ ಬೆಳಿಗ್ಗೆ ಅಮ್ಮ ಅವನ ಒದ್ದೆ ಚಾಪೆ ತೊಳೆದು ಹಿತ್ತಲಲ್ಲಿ ಒಣಹಾಕಿದಳು. ಹತ್ತು ವರ್ಷದ ಹುಡುಗ.

ಈಗ ನನ್ನ ತಪ್ಪು. ಕಳೆದ ಬುಧವಾರ ಆ ಶೀಟಿನ ಹಿಂಬದಿ ಓದಿದೆ. ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ. 8.4 ಅಂದರೆ, ಇದೇ ಐದನೇ ಕ್ಲಾಸಿನ ಪೇಪರನ್ನು ಎಂಟನೇ ಕ್ಲಾಸಿನ ಸಾಧಾರಣ ಹುಡುಗ ಬರೆದಿದ್ದರೆ ಎಷ್ಟು ಅಂಕ ಬರುತ್ತಿತ್ತೋ ನಮ್ಮವನಿಗೆ ಅಷ್ಟು ಬಂದಿದೆ ಅಂತ. ಅಷ್ಟೇ. ಐದನೇ ಕ್ಲಾಸಿನದನ್ನು ಚೆನ್ನಾಗಿ ಕಲಿತಿದ್ದಾನೆ. ಎಂಟನೇ ಕ್ಲಾಸಿನ ಒಂದು ಪ್ರಶ್ನೆಯನ್ನೂ ಅವನಿಗೆ ಯಾರೂ ಕೇಳಿಲ್ಲ. 'ಮುಂದಿನ ತರಗತಿಗೆ ಸೇರಿಸಲು ಈ ಅಂಕ ಆಧಾರವಲ್ಲ' ಅಂತಲೂ ಬರೆದಿದೆ. ಆರು ದಿನವಾಯಿತು, ಹೇಳಲು ಬಾಯಿ ಬಂದಿಲ್ಲ. ಅಪ್ಪಾಜಿ ಇಡೀ ಮಂಡಿಗೆ ಹೇಳಿಕೊಂಡು ಬಂದಿದ್ದಾರೆ.

ಭಾನುವಾರ ಫೋನ್ ಸಿಕ್ಕಾಗ ಅಪ್ಪಾಜಿಗೆ ನೀನೇ ಹೇಳು. ಬರೀ ಮೇಲಿನ ಹಿಡಿ ನೋಡಿ ರೇಟು ಕಟ್ಟುವವರಿಗೆ ಅವರೇ ಬೈಯುತ್ತಾರಲ್ಲ, "ಚೀಲ ಸುರುವಿ ನೋಡ್ರಿ, ತಳದಾಗೇನೈತೆ ಯಾರಿಗ್ ಗೊತ್ತು" ಅಂತ. ಅದನ್ನೇ ನೆನಪಿಸು. ನಿನ್ನ ಮಾತಾದರೆ ಕೇಳುತ್ತಾರೆ.

ಕಾಲು ಜೋಪಾನ. ಗಿಡ್ಡಮ್ಮಜ್ಜಿ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಅಲ್ಲಿ ಮಜ್ಜಿಗೆ ಸಿಗುತ್ತದಾ ಅಂತಲೂ ಕೇಳಿದ್ದಾಳೆ.

ನಿನ್ನ ತಂಗಿ,
ಸಂಧ್ಯಾರಾಣಿ

ಮರೆತೆ: ನೀನೂ ಓದಲಿ ಅಂತ ಶೀಟನ್ನು ಇದರ ಜೊತೆ ಇಡೋಣ ಅಂತ ಹುಡುಕಿದರೆ ಬೀರುವಿನಲ್ಲಿರಲಿಲ್ಲ. ವಿನೋದನ ಹತ್ತಿರ ಇತ್ತು. 8.4 ಇದ್ದ ಜಾಗವನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ತೂತು ಮಾಡಿದ್ದಾನೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ 5 ಅಂತ ಬರೆದಿದ್ದಾನೆ. "ಈಗ ಕಡಿಮೆ ಆತಲ್ಲಕ್ಕಾ, ಇನ್ನ ನಾ ಇಲ್ಲೇ ಇರಬೌದಾ?" ಅಂದ. ನಿನ್ನ ಫೋನಿನವರೆಗೆ ಕಾಯಲು ಆಗಲಿಲ್ಲ ಅಣ್ಣಾ. ನಾನು ಹೇಳಿದ್ದು ತಪ್ಪು ಅಂತ ಗ್ರೂಪಿಗೆ ಹಾಕಿಬಿಟ್ಟೆ. ಅಪ್ಪಾಜಿ ನೋಡಿದ್ದಾರೆ ಅಂತ ತೋರಿಸುತ್ತಿದೆ. ಮಂಡಿ ಮುಚ್ಚುವ ಹೊತ್ತು ಇನ್ನೂ ಆಗಿಲ್ಲ, ಆದರೂ ಓಣಿಯಲ್ಲಿ ಅವರ ಸ್ಕೂಟರಿನ ಸದ್ದು ಬರುತ್ತಿದೆ. ವಿನೋದ ಟ್ರಂಕಿನ ಹಿಂದೆ ಕೂತಿದ್ದಾನೆ. ನಾನು ಬಾಗಿಲಿಗೆ ಹೋಗುತ್ತಿದ್ದೇನೆ.