ಡ್ರಿಪ್ಪಿನ ಚಕ್ರ

ಮಾರ್ಚ್ ೧೨, ಗುರುವಾರ

ಮೂರನೇ ಬೆಡ್ಡಿನ ಮೇಷ್ಟ್ರ ಕೆಂಪು ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ವ್ಯಾಂಕೋಮೈಸಿನ್ ಆಂಟಿಬಯೋಟಿಕ್ಕಿನ ಡ್ರಿಪ್ಪನ್ನು ನಿಧಾನಕ್ಕಿಟ್ಟು ಪಕ್ಕದ ಬೆಡ್ಡಿಗೆ ಹೋಗಿದ್ದೆ, ಅಷ್ಟೇ. ಅವರ ಹೆಂಡತಿ ಹನಿಯ ವೇಗ ಹೆಚ್ಚುಕಡಿಮೆ ಮಾಡುವ ಚಕ್ರವನ್ನು ತಿರುಗಿಸಿ ಪೂರ್ತಿ ಜೋರು ಮಾಡಿಬಿಟ್ಟಿದ್ದರು. ಬಂದು ನೋಡಿದರೆ ಮುಖ, ಕತ್ತು, ಎದೆ ಎಲ್ಲ ಕೆಂಪು. ಮನುಷ್ಯ ಪರಪರ ಕೆರೆದುಕೊಳ್ಳುತ್ತಿದ್ದಾರೆ.

ಡ್ರಿಪ್ ನಿಲ್ಲಿಸಿದೆ, ಡಾಕ್ಟರನ್ನು ಕರೆಸಿದೆ, ಬಿಪಿ ನೋಡಿದೆ.

"ಬೇಗ ಮುಗಿದ್ರೆ ಎದ್ದು ಊಟ ಮಾಡ್ತಾರೆ ಅಂತ ಮಾಡ್ದೆ ಸಿಸ್ಟರ್," ಎಂದು ಆಕೆ ಅತ್ತರು.

"ಅಮ್ಮಾ, ಇದು ಗ್ಲೂಕೋಸ್ ಅಲ್ಲ. ಈ ಆಂಟಿಬಯೋಟಿಕ್ ಜೋರಾಗಿ ಹೋದ್ರೆ ಹೀಗೇ ಆಗೋದು. ಬಿಪಿನೂ ಇಳಿಯಬಹುದು," ಎಂದೆ. ಬೈಯಲಿಲ್ಲ. ಬೈದರೆ ಮುಂದಿನ ಸಲ ಮುಟ್ಟಿದ್ದನ್ನು ಹೇಳುವುದೇ ಇಲ್ಲ. ಅದು ನನಗೆ ಚೆನ್ನಾಗಿ ಗೊತ್ತು.

ಸದ್ಯ, ಬಿಪಿ ಇಳಿದಿರಲಿಲ್ಲ. ಕೆಂಪು ಪೂರ್ತಿ ಹೋದ ಮೇಲೆ, ಇನ್ನೂ ನಿಧಾನವಾಗಿ ಶುರು ಮಾಡಿ ಎಂದರು ಡಾಕ್ಟರು. ನಾನು ಚಕ್ರಕ್ಕೆ ಕೈ ಹಾಕಿದ್ದೇ ತಡ, ಆಕೆ ಗಬಕ್ಕನೆ ನನ್ನ ಮಣಿಕಟ್ಟು ಹಿಡಿದರು.

"ಸಿಸ್ಟರ್! ನಿಧಾನ!"

ಮೇಷ್ಟ್ರೂ ನಕ್ಕರು. ಇನ್ನು ಆ ಚಕ್ರಕ್ಕೆ ಆಕೆಯೇ ಕಾವಲು, ನಾಳೆ ಆ ಬೆಡ್ಡಿನ ಚಿಂತೆ ನನಗಿಲ್ಲ. ಏನು ಹಿಡಿತವಪ್ಪಾ ಆಕೆಯದು, ಬರೆಯುವಾಗಲೂ ಮಣಿಕಟ್ಟು ನೋಯುತ್ತಿದೆ. ನೋಯಲಿ ಬಿಡು.