ನಡುಗಡ್ಡೆಯ ಗುಟ್ಟಿನ ಮದುವೆ

ಕಮಲಾಕ್ಷಿ,

ಒಲೆ ಮೇಲೆ ಹಾಲಿಟ್ಟು ಬರೆಯುತ್ತಿದ್ದೇನೆ, ಉಕ್ಕುವ ಮೊದಲು ಮುಗಿಸಬೇಕು. ಮುದ್ದೆಗೆ ಹಿಟ್ಟು ತೆಗೆಯುವಾಗ ನಿನಗೆ ಸಿಗಲೆಂದು ಚೀಟಿಯನ್ನು ರಾಗಿಹಿಟ್ಟಿನ ಡಬ್ಬದಲ್ಲಿ ಇಡುತ್ತೇನೆ. ನಿಮ್ಮಪ್ಪ ಹುಟ್ಟಿದಾಗಿನಿಂದ ಅದರ ಮುಚ್ಚಳ ತೆಗೆದವರಲ್ಲ.

ಕದ್ದು ಮದುವೆಯಾಗಲು ನಿನಗೂ ನಿನ್ನ ಟೈಪಿಂಗ್ ಮೇಷ್ಟ್ರಿಗೂ ಕುಣಿಗಲ್ ಕಡೆಯ ನನ್ನ ತವರೂರಿನ ಕೆರೆಯೇ ಬೇಕಿತ್ತೇನೇ? ನಡುಗಡ್ಡೆಯ ಗುಡಿಗೆ ಯಾರೂ ಬರುವುದಿಲ್ಲ, ನಿಜ. ಆದರೆ ಹರಿಗೋಲು ನಡೆಸುವ ಆಂಜನಪ್ಪ ನನ್ನ ಚಿಕ್ಕಪ್ಪನ ಮಗ ಅನ್ನುವುದನ್ನು ಮರೆತೆಯಾ? ನಿನ್ನೆ ಶಿರಾ ಗೇಟಿನಲ್ಲಿ ಸಿಕ್ಕವನು ಎಲ್ಲರೆದುರಿಗೇ ಕೇಳಿದ: "ಅಕ್ಕಾ, ನಾಳೀಕೆ ಮಗಳ ಮದ್ವೆಗೆ ನೀನೂ ಹರಿಗೋಲು ಹತ್ತೀಯಾ, ಇಲ್ಲಾ ದಡದಲ್ಲೇ ನಿಂತ್ಕತೀಯಾ?"

ತಂಗಿಯನ್ನು ನೋಡಲು ಗುಬ್ಬಿಗೆ ಹೋಗುತ್ತೇನೆಂದು ಅಪ್ಪನಿಗೆ ಹೇಳಿದ್ದೇನೆ. ನೀನು ಅವರಿಗೆ ಊಟ ಬಡಿಸಿಯೇ ಹೊರಡು. ಹೊಟ್ಟೆ ತುಂಬಿದ್ದರೆ ಅವರಿಗೆ ಕೋಪ ಸ್ವಲ್ಪ ತಡವಾಗಿ ಬರುತ್ತದೆ. ಆ ನೈಲಾನ್ ಸೀರೆ ಬೇಡ, ನನ್ನ ಧಾರೆ ಸೀರೆಯನ್ನು ಟ್ರಂಕಿನ ಮೇಲೆ ತೆಗೆದಿಟ್ಟಿದ್ದೇನೆ.

ತಾಳಿಯನ್ನು ಮೇಷ್ಟ್ರು ತರುತ್ತಾರೆ, ಸರಿ. ನಿನ್ನನ್ನು ಧಾರೆ ಎರೆದು ಕೊಡುವವರು ಯಾರೆಂದು ಇಬ್ಬರೂ ಯೋಚಿಸಿಯೇ ಇಲ್ಲ. ಗುಡಿಯಲ್ಲಿ ಚೊಂಬು ಹಿಡಿದು ಕಾಯುತ್ತಿರುತ್ತೇನೆ. ಅಳಬೇಡ, ಕಾಡಿಗೆ ಹರಡುತ್ತದೆ.

ಅಮ್ಮ